ಬಿಳಿ ಲೆನ್ಸು, ಕರಿ ಲೆನ್ಸು ಮತ್ತು ಮಾವನ ಟಗರು

ಜಂಬ ಕೆಟ್ಟದ್ದು ಎಂದು ಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಹೇಳಿಕೊಡುತ್ತಿದ್ದರು. ಹೇಳಿಕೊಡುತ್ತಲೇ ಬೋರ್ಡಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಮುತ್ತು ಪೋಣಿಸಿದಂಥ ತಮ್ಮ ಕೈಬರಹವನ್ನು ತಾವೇ ತಲೆ ಓರೆ ಮಾಡಿ ನೋಡಿಕೊಳ್ಳುತ್ತಿದ್ದರು. ಆವತ್ತೇ ನನಗೆ ಗೊತ್ತಾಗಿಹೋಯಿತು, ಜಂಬವಿಲ್ಲದ ಮನುಷ್ಯ ಈ ಭೂಮಿಯ ಮೇಲಿಲ್ಲ ಎಂದು. ನಮ್ಮ ಚನ್ನಪಟ್ಟಣದಲ್ಲಿ ಒಬ್ಬರಿಗೆ ರೋಡಿಗೆ ಮುಖ ಮಾಡಿರುವ ಸೈಟಿನ ಜಂಬ, ಇನ್ನೊಬ್ಬರಿಗೆ ಮಗಳ ಮಾರ್ಕ್ಸಿನ ಜಂಬ. ನನ್ನ ಅಂಗಡಿಯ ಪಕ್ಕದ ಹೋಟೆಲಿನವರಿಗೆ ತಮ್ಮ ಸಕ್ಕರೆ ಕಾಯಿಲೆಯ ಜಂಬ. ‘ಡಾಕ್ಟ್ರೇ ಗಾಬ್ರಿ ಆಗೋದ್ರು, ನಾನು ಮಾತ್ರ ನಡ್ಕೊಂಡೇ ಹೋಗಿದ್ದೆ’ ಎಂದು ಬಂದವರಿಗೆಲ್ಲ ಹೇಳಿ, ಹೇಳಿದ ಖುಷಿಗೆ ಒಂದು ಜಿಲೇಬಿ ತಿನ್ನುತ್ತಾರೆ. ಹೀಗಿರುವಾಗ ನಾನೊಬ್ಬ ಯಾಕೆ ಸುಳ್ಳು ವಿನಯ ತೋರಿಸಲಿ? ನನಗೆ ನನ್ನ ಲೆನ್ಸಿನ ಜಂಬ. ಇದೆ, ಬೇಕಾದಷ್ಟಿದೆ, ಕಡಿಮೆ ಮಾಡಿಕೊಳ್ಳುವ ಉದ್ದೇಶವೂ ಇಲ್ಲ.

ನಾನು ಮದುವೆ ಫೋಟೋ ತೆಗೆಯುವವನು. ಹೆಸರು ಸಿದ್ದರಾಜು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸ್ಟುಡಿಯೋ. ಹಗಲು ಪಾಸ್‌ಪೋರ್ಟ್ ಸೈಜು, ಲಗ್ನ ಬಂತೆಂದರೆ ಛತ್ರ. ನಡುವೆ ನಮ್ಮೂರ ಗೊಂಬೆ ಮಾಡುವವರು ಯಾರಾದರೂ ಬಂದು, ಅರಗಿನ ಬಣ್ಣ ಮಿರಮಿರ ಮಿಂಚುವ ಕುದುರೆಯನ್ನೋ ಬುಗುರಿಯನ್ನೋ ಮೇಜಿನ ಮೇಲಿಟ್ಟು ‘ಒಂದು ಒಳ್ಳೇ ಫೋಟೋ ಹೊಡ್ದುಕೊಡಿ’ ಎನ್ನುತ್ತಾರೆ. ಆ ಕುದುರೆಯ ಹೊಟ್ಟೆಯಲ್ಲಿ ನನ್ನ ಮುಖ, ಟ್ಯೂಬ್‌ಲೈಟು, ಗೋಡೆಯ ಕ್ಯಾಲೆಂಡರು ಎಲ್ಲ ಕಾಣುತ್ತದೆ. ಅದನ್ನು ಕಾಣದ ಹಾಗೆ ತೆಗೆಯುವುದು ಒಂದು ವಿದ್ಯೆ. ಆ ವಿದ್ಯೆ ನನಗೆ ಬರುತ್ತದೆ. ಇದನ್ನೂ ವಿನಯವಿಲ್ಲದೆಯೇ ಹೇಳುತ್ತಿದ್ದೇನೆ.

ಇನ್ನು ಲೆನ್ಸಿನ ವಿಷಯ. ಅದು ಎಪ್ಪತ್ತು–ಇನ್ನೂರು ಅಂತ ನಾವು ಕರೆಯುವ ಜೂಮ್ ಲೆನ್ಸು. ಮಂಟಪದಿಂದ ದೂರ ನಿಂತು ಮೈಮೇಲಿನ ಒಂದು ಉಂಗುರ ತಿರುಗಿಸಿದರೆ ಸಾಕು, ಮದುಮಗಳ ಮೂಗುತಿ ಮಗ್ಗುಲಿಗೆ ಬಂದು ಕೂರುತ್ತದೆ. ಮುಂದಿರುವವರ ಮುಖ ಕಡೆದಿಟ್ಟಂತೆ ಸ್ಪಷ್ಟ, ಹಿಂದಿರುವುದೆಲ್ಲ ನೀರಿನಲ್ಲಿ ಕಲಸಿದ ಬಣ್ಣ. ಉದ್ದ, ತೂಕ ಎರಡರಲ್ಲೂ ಒಂದು ಒಳ್ಳೇ ಸೋರೆಕಾಯಿಗೆ ಸಮ. ಬಣ್ಣ ಮಾತ್ರ ಬಿಳಿ. ಬೆಲೆ ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ, ನನ್ನ ಹೆಂಡತಿ ಸವಿತಾಗೂ ಓದು ಬರುತ್ತದೆ. ಅದು ಬಂದ ದಿನ ನಾನು ಸೀದಾ ಕೆಂಗಲ್ ಆಂಜನೇಯನ ಗುಡಿಗೆ ಹೋದೆ. ಅಲ್ಲಿ ಹೊಸ ಕಾರು, ಹೊಸ ಟ್ರ್ಯಾಕ್ಟರು ಸಾಲಾಗಿ ನಿಂತಿದ್ದವು. ನಾನು ಟರ್ಕಿ ಟವೆಲಿನಲ್ಲಿ ಸುತ್ತಿದ್ದ ಲೆನ್ಸು ಎತ್ತಿಕೊಂಡು ಆ ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಸರದಿ ಬಂದಾಗ ಪೂಜೆಯವರು ಅದನ್ನು ಹಿಂದೆ ಮುಂದೆ ನೋಡಿ, ‘ಎಲ್ಲಾ ಸರಿ ಸ್ವಾಮಿ, ನಿಂಬೆಹಣ್ಣು ಇಡೋಕೆ ಇದರ ಚಕ್ರ ಎಲ್ಲಿ?’ ಎಂದು ಕೇಳಿದರು. ಕೊನೆಗೆ ಕುಂಕುಮದ ಬೊಟ್ಟಿಟ್ಟು, ನಿಂಬೆಹಣ್ಣನ್ನು ನನ್ನ ಕಾಲ ಕೆಳಗಿಟ್ಟು ತುಳಿಸಿದರು. ಹೊತ್ತು ತಿರುಗುವವನು ನಾನೇ ಆದ್ದರಿಂದ ಅದೂ ಸರಿಯೇ ಅನ್ನಿಸಿತು.

ಈಗ ಇನ್ನೊಂದು ಲೆನ್ಸು. ಅದು ನನ್ನ ಷಡ್ಡಕನದು. ನನ್ನ ಹೆಂಡತಿಯ ತಂಗಿ ಕವಿತಾಳ ಗಂಡ ನಂಜೇಶ, ಕನಕಪುರದಲ್ಲಿ ಅವನದೂ ಸ್ಟುಡಿಯೋ. ಒಂದೇ ಮನೆಯ ಅಳಿಯಂದಿರಿಬ್ಬರಿಗೂ ಒಂದೇ ಕಸುಬು ಬಂದದ್ದು ಹೇಗೆ ಎಂದರೆ, ನನ್ನನ್ನು ನೋಡಿ ಮಾವನವರಿಗೆ ಫೋಟೋದವರ ಮೇಲೆ ನಂಬಿಕೆ ಹುಟ್ಟಿತಂತೆ. ಇದು ನಾನು ಹೇಳುವ ಕಾರಣ. ಮೊದಲನೆಯ ತಪ್ಪನ್ನು ಎರಡನೆಯದರಲ್ಲಿ ತಿದ್ದಿಕೊಂಡರು ಎಂಬುದು ನಂಜೇಶ ಹೇಳುವ ಕಾರಣ. ಅವನದೂ ಎಪ್ಪತ್ತು–ಇನ್ನೂರೇ, ಆದರೆ ಬೇರೆ ಕಂಪನಿಯದು, ಕರಿ ಬಣ್ಣದ್ದು. ನಮ್ಮ ಕಸುಬಿನಲ್ಲಿ ಕಂಪನಿ ಅಂದರೆ ಕುಲ ಇದ್ದ ಹಾಗೆ. ಒಂದು ಸಲ ಸೇರಿಕೊಂಡರೆ ಬಿಡಿಸಿಕೊಂಡು ಬರುವುದು ಕಷ್ಟ. ನನ್ನ ಲೆನ್ಸು ಅವನ ಕ್ಯಾಮೆರಾಕ್ಕೆ ಕೂರುವುದಿಲ್ಲ, ಅವನದು ನನ್ನದಕ್ಕೆ ಕೂರುವುದಿಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನನ್ನ ಲೆನ್ಸಿನ ಉಂಗುರ ಬಲಕ್ಕೆ ತಿರುಗಿಸಿದರೆ ಮುಖ ಹತ್ತಿರ ಬರುತ್ತದೆ, ಅವನದು ಬಲಕ್ಕೆ ತಿರುಗಿಸಿದರೆ ದೂರ ಹೋಗುತ್ತದೆ. ಅವನ ಕಂಪನಿಯವರು ಎಲ್ಲವನ್ನೂ ಉಲ್ಟಾ ಮಾಡಿದ್ದಾರೆ ಎಂದು ನಾನು, ಉಲ್ಟಾ ನಿಮ್ಮದು ಎಂದು ಅವನು.

ನಾವಿಬ್ಬರೂ ಹಬ್ಬಕ್ಕೆ ಮಾವನ ಮನೆಗೆ ಹೋದರೆ ಮೊದಲು ಕಾಲು ತೊಳೆಯುತ್ತೇವೆ, ಆಮೇಲೆ ಲೆನ್ಸಿನ ಜಗಳ ಶುರು. ಮುದ್ದೆ ಮುರಿಯುವ ಕೈಯಲ್ಲೇ ಫೋಕಸ್ಸು ಹೇಗೆ ಹಿಡಿಯುತ್ತದೆ ಎಂದು ತೋರಿಸುತ್ತೇವೆ. ‘ಅಣ್ಣ, ನಿಮ್ದು ಬೆಳಕು ಕಮ್ಮಿ ಆದ್ರೆ ಹುಡುಕಾಡ್ತದೆ. ನಂದು ಕತ್ಲಲ್ಲೂ ಟಕ್ ಅಂತ ಹಿಡೀತದೆ’ ಎನ್ನುತ್ತಾನೆ ಅವನು. ‘ಹಿಡೀತದೆ ಕಣಪ್ಪ, ಆದ್ರೆ ಮುಖ ಎಲ್ಲಾ ಅರಿಶಿನ ಕಾಮಾಲೆ ಬಂದೋರ ಥರ ಬರ್ತದಲ್ಲ, ಅದಕ್ಕೇನ್ ಮಾಡ್ತೀಯ?’ ಎನ್ನುತ್ತೇನೆ ನಾನು. ಅರಿಶಿನದ ಮಾತು ನಾನು ಎತ್ತಬಾರದಿತ್ತು. ನನ್ನ ಬಿಳಿ ಲೆನ್ಸಿನ ಮೈಮೇಲೆ ಯಾರದೋ ಮದುವೆಯ ಅರಿಶಿನ ಶಾಸ್ತ್ರದಲ್ಲಿ ಬಿದ್ದ ಕಲೆ ಒಂದಿದೆ, ಎಷ್ಟು ಒರೆಸಿದರೂ ಹೋಗಿಲ್ಲ. ‘ನಿಮ್ಮ ಲೆನ್ಸಿಗೆ ಅರಿಶಿನ ಆಗೋಗಿದೆ, ತಾಳಿ ಯಾವತ್ತಣ್ಣ?’ ಎಂದು ಅವನು ಎಲ್ಲರೆದುರು ಕೇಳುತ್ತಾನೆ. ಒಂದು ಸಲ ಅವನು ರಾಮನಗರದ ಬೆಟ್ಟದಲ್ಲಿ ಪ್ರಿವೆಡ್ಡಿಂಗ್ ತೆಗೆಯಲು ಹೋಗಿ, ಬಂಡೆಯ ನೆತ್ತಿಯಲ್ಲಿ ಕೂತಿದ್ದ ರಣಹದ್ದನ್ನು ಕರಿ ಲೆನ್ಸಿನಲ್ಲಿ ಹಿಡಿದೆ ಎಂದು ಫೋಟೋ ತಂದು ತೋರಿಸಿದ. ನಾನು ಕನ್ನಡಕ ಹಾಕಿಕೊಂಡು ನೋಡಿ, ಅದು ಹಾರಿಹೋಗಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಕವರು ಎಂದೆ. ಎರಡು ಹಬ್ಬ ಮಾತಿರಲಿಲ್ಲ. ಅವನೇನು ಸುಮ್ಮನಿರುವವನೇ? ಮಾಗಡಿಯ ಒಂದು ಮದುವೆಯಲ್ಲಿ ಅಜ್ಜಿಯೊಬ್ಬರು ನನ್ನ ಬಿಳಿ ಲೆನ್ಸನ್ನು ಮೈಕು ಎಂದು ತಿಳಿದು, ಅದರ ಬಾಯಿಗೆ ಬಾಯಿಟ್ಟು ‘ನೂರ್ಕಾಲ ಚೆನ್ನಾಗಿರಿ ಮಕ್ಳಾ’ ಎಂದು ಹರಸಿದ್ದನ್ನು ನಾನೇ ಬಾಯ್ತಪ್ಪಿ ಹೇಳಿದ್ದೆ. ಅದನ್ನು ಅವನು ಕನಕಪುರದ ಅಂಗಡಿ ಅಂಗಡಿಗೂ ಹಂಚಿದ.

ಈ ಜಗಳದಲ್ಲಿ ಸವಿತಾ ಯಾರ ಕಡೆಗೂ ಇಲ್ಲ. ಅವಳಿಗೆ ಎರಡು ಲೆನ್ಸಿನ ಮೇಲೂ ಒಂದೇ ಸಿಟ್ಟು. ‘ಊರೋರ ಮದುವೆಯೆಲ್ಲಾ ನಮ್ಮನೇಲಿದೆ, ನಾವಿಬ್ರೂ ಒಟ್ಟಿಗಿರೋ ಒಂದು ಫೋಟೋ ಇಲ್ಲ’ ಎನ್ನುತ್ತಾಳೆ. ಇದು ನಿಜ. ನಮ್ಮ ಮದುವೆಯ ಆಲ್ಬಮ್ಮು ಬಿಟ್ಟರೆ, ಆಮೇಲಿನ ಯಾವ ಹಬ್ಬದಲ್ಲೂ, ಯಾವ ನಾಮಕರಣದಲ್ಲೂ ನಾನಿಲ್ಲ. ನಾನು ಆಚೆ ಬದಿಯಲ್ಲಿರುತ್ತೇನೆ. ‘ನಾಳೆ ಮೊಮ್ಮಕ್ಕಳು ಬಂದು ತಾತ ಯಾರು ಅಂದ್ರೆ ನಾನೇನ್ ತೋರಿಸ್ಲಿ, ಈ ಸೋರೆಕಾಯಿನಾ?’ ಎಂದು ಒಂದು ದಿನ ಕೇಳಿದಳು. ಮೊಮ್ಮಕ್ಕಳು ಹುಟ್ಟಲಿ ನೋಡೋಣ ಎಂದು ನಾನು ಲೆನ್ಸಿನ ಗಾಜು ಒರೆಸುವುದನ್ನು ಮುಂದುವರಿಸಿದೆ.

ಹೀಗಿರುವಾಗ ನಮ್ಮ ಕಡೇ ನಾದಿನಿ ಮಮತಾಳ ಮದುವೆ ಗೊತ್ತಾಯಿತು. ಮಾವನವರು ಪುಟ್ಟಮಾದಯ್ಯನವರು, ವಿರೂಪಾಕ್ಷಿಪುರದ ಕಡೆ ಹೊಲ, ಕುರಿಮಂದೆ ಎರಡೂ ಇಟ್ಟುಕೊಂಡಿರುವವರು. ಅವರು ನಮ್ಮಿಬ್ಬರನ್ನೂ ಕರೆಸಿ ಜಗಲಿಯ ಮೇಲೆ ಕೂರಿಸಿ, ‘ಇಬ್ರು ಅಳಿಯಂದ್ರೂ ಕ್ಯಾಮ್ರ ಹಿಡ್ಕಂಡು ಓಡಾಡ್ಬುಟ್ರೆ ಬಂದೋರ್ನ ಬನ್ನಿ ಅನ್ನೋರ್ಯಾರು, ಊಟ ಆಯ್ತಾ ಅನ್ನೋರ್ಯಾರು? ಧಾರೆ ವೊತ್ನಲ್ಲಿ ಒಬ್ರು ಫೋಟೋ ತೆಗೀರಿ. ಇನ್ನೊಬ್ರು ಪಂಚೆ ಶಲ್ಯ ಹಾಕ್ಕಂಡು ಬಾಗ್ಲಲ್ಲಿ ನಿಂತ್ಕಳಿ’ ಎಂದರು. ನಾನು ನಂಜೇಶನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಬೇರೆಯವರ ಮದುವೆ ಬೇರೆ. ನಮ್ಮ ಮನೆಯ ಮದುವೆ, ನಾಲ್ಕು ತಾಲ್ಲೂಕಿನ ನೆಂಟರು ಕೂಡುವ ಮದುವೆ. ಅಲ್ಲಿ ಒಬ್ಬನ ಕೈಯಲ್ಲಿ ಕ್ಯಾಮೆರಾ, ಇನ್ನೊಬ್ಬನ ಕೈಯಲ್ಲಿ ಪನ್ನೀರದಾನಿ ಅಂದರೆ ಯಾರ ಲೆನ್ಸು ಮೇಲು ಎಂದು ಬಾಯಿಬಿಟ್ಟು ಹೇಳುವುದೇ ಬೇಡ. ಪನ್ನೀರು ಹಾಕಿದವನು ಆಮೇಲೆ ಯಾವ ಹಬ್ಬದಲ್ಲಿ ಬಾಯಿ ತೆರೆದಾನು?

ಯಾರು ತೆಗೆಯುವುದು ಎಂದು ನಾವೇ ತೀರ್ಮಾನ ಮಾಡಿಕೊಳ್ಳಲಾರೆವು ಎಂಬುದು ಮಾವನವರಿಗೆ ಕೂಡಲೇ ಗೊತ್ತಾಯಿತು. ಕೊಟ್ಟಿಗೆಯ ಕಡೆ ಕೈ ತೋರಿಸಿ, ‘ಅಂಗಾರೆ ಸಾಹುಕಾರನ್ನ ತೆಗೀರಿ ಇಬ್ರೂವೆ. ನೋಡಾನ’ ಎಂದರು. ಸಾಹುಕಾರ ಎಂದರೆ ಅವರ ಟಗರು. ಅದಕ್ಕೆ ತಕ್ಕ ಹೆಸರು. ಸುರುಳಿ ಕೊಂಬು, ಕೊರಳಲ್ಲಿ ಗಂಟೆ, ನಡೆದರೆ ಎರಡು ಮಗ್ಗುಲೂ ತೂಗಾಡಬೇಕು. ಮಾವನವರಿಗೆ ಅದರ ಮೇಲಿರುವ ಪ್ರೀತಿಯಲ್ಲಿ ಕಾಲು ಭಾಗ ಅಳಿಯಂದಿರ ಮೇಲಿದ್ದರೂ ನಾವು ಧನ್ಯರು. ಅದನ್ನು ಹಿಡಿದು ತಂದು, ಮೈ ತೊಳೆಸಿ, ಹಣೆಗೆ ಕುಂಕುಮವಿಟ್ಟು ಮನೆಯ ಮುಂದೆ ಬಿಟ್ಟರು. ಹೆಂಗಸರೆಲ್ಲ ಕೆಲಸ ಬಿಟ್ಟು ಜಗಲಿಗೆ ಬಂದರು.

ಮೊದಲು ನಂಜೇಶ ತೆಗೆದ. ದೂರದಲ್ಲಿ ಮಂಡಿಯೂರಿ ಟಕಟಕ ಎಂದು ಹೊಡೆದು, ಆಯಿತು ಎಂದು ಎದ್ದ. ಅಷ್ಟು ಸುಲಭವಾಗಿ ಮುಗಿಸಿದ್ದು ನೋಡಿ ನನಗೆ ಇನ್ನಷ್ಟು ಚೆನ್ನಾಗಿ ತೆಗೆಯಬೇಕೆಂಬ ಹುಮ್ಮಸ್ಸು ಬಂತು. ನಾನು ಹೊಟ್ಟೆ ನೆಲಕ್ಕೆ ಹಾಕಿ ಮಲಗಿದೆ. ಟಗರಿನ ಕಣ್ಣಿನ ಮಟ್ಟಕ್ಕೆ ಲೆನ್ಸು ತಂದರೆ ಅದಕ್ಕೊಂದು ಗತ್ತು ಬರುತ್ತದೆ ಎಂಬುದು ನನ್ನ ಲೆಕ್ಕ. ಗತ್ತು ಬಂತು, ಜೊತೆಗೆ ಟಗರೂ ಬಂತು. ಮುಂದಿನ ದೊಡ್ಡ ಗಾಜಿನಲ್ಲಿ ಅದು ತನ್ನ ಮುಖವನ್ನೇ ಕಂಡು, ಈ ಊರಲ್ಲಿ ನನ್ನ ಬಿಟ್ಟರೆ ಇನ್ನೊಬ್ಬ ಸಾಹುಕಾರ ಯಾವನು ಎಂದುಕೊಂಡಿತೋ ಏನೋ, ತಲೆ ತಗ್ಗಿಸಿ ನುಗ್ಗಿಬಿಟ್ಟಿತು. ನಾನು ಎದ್ದದ್ದು ಹೇಗೆ, ಓಡಿದ್ದು ಯಾವ ಕಡೆ, ಹುಲ್ಲಿನ ಮೆದೆ ಹತ್ತಿದ್ದು ಹೇಗೆ ಒಂದೂ ನೆನಪಿಲ್ಲ. ಲೆನ್ಸನ್ನು ಮಾತ್ರ ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದೆ. ಅದಕ್ಕೊಂದು ಗೆರೆ ಬಿದ್ದಿರಲಿಲ್ಲ. ಮೆದೆಯಿಂದ ಇಳಿದ ಮೇಲೆ ಸವಿತಾ ನನ್ನ ಷರ್ಟಿಗೆ ಹತ್ತಿದ್ದ ಹುಲ್ಲು ಕೊಡವುತ್ತಾ, ‘ಓಡುವಾಗ ಪಕ್ಕದಲ್ಲೇ ನಿಂತಿದ್ದೆ ನಾನು. ಎತ್ಕೊಂಡಿದ್ದು ಮಾತ್ರ ಅದನ್ನ’ ಎಂದಳು. ಲೆನ್ಸಿಗಿಂತ ನೀನು ಭಾರ ಅಲ್ಲವಾ ಎಂದು ನಾನು ತಮಾಷೆ ಮಾಡಿದೆ. ಆ ತಮಾಷೆ ಮಾಡಬಾರದಿತ್ತು. ಆವತ್ತು ಸಂಜೆ ನನ್ನ ಕಾಫಿಗೆ ಸಕ್ಕರೆ ಬೀಳಲಿಲ್ಲ.

ಫೋಟೋಗಳನ್ನು ಟೀವಿಗೆ ಹಾಕಿ ತೋರಿಸಿದೆವು. ನಿಜ ಹೇಳುತ್ತೇನೆ, ಎರಡೂ ಅದ್ಭುತವಾಗಿದ್ದವು. ನಂಜೇಶನದರಲ್ಲಿ ಉಣ್ಣೆಯ ಒಂದೊಂದು ಎಳೆಯನ್ನೂ ಬಿಡಿಸಿ ಎಣಿಸಬಹುದಿತ್ತು. ನನ್ನದರಲ್ಲಿ ಸಾಹುಕಾರನ ಕಣ್ಣಿನ ಸಿಟ್ಟು ಹಾಗೇ ಹೊರಗೆ ಬಂದಿತ್ತು, ಆ ಸಿಟ್ಟು ನನ್ನ ಮೇಲಿನದೇ ಎಂಬುದು ಬೇರೆ ಮಾತು. ಎರಡರಲ್ಲೂ ಹಿನ್ನೆಲೆ ಬೆಣ್ಣೆಯ ಹಾಗೆ ಕರಗಿತ್ತು. ಅದಕ್ಕೇ ತಾನೇ ನಾವು ಜೀವಮಾನದ ದುಡಿಮೆ ಸುರಿದಿರುವುದು. ನಾವಿಬ್ಬರೂ ಮೀಸೆ ನೇವರಿಸಿಕೊಂಡು ಮಾವನವರ ಕಡೆ ನೋಡಿದೆವು. ಮಾವನವರು ಟೀವಿಯ ಹತ್ತಿರ ಹೋದರು, ಹಿಂದೆ ಬಂದರು, ಮತ್ತೆ ಹತ್ತಿರ ಹೋದರು.

‘ನಮ್ಮನೆ ಎಲ್ಲೋಯ್ತು?’ ಎಂದು ಕೇಳಿದರು.

‘ಹಿಂದೆ ಇದೆ ಮಾವ, ಮಸುಕಾಗಿದೆ. ಮುಖ್ಯವಾದದ್ದು ಮಾತ್ರ ಕಾಣಲಿ ಅಂತ’ ಎಂದೆ ನಾನು.

‘ಕೊಟ್ಗೆಗೆ ಹೊಸ ತಗಡಿನ ಸೀಟು ಹಾಕ್ಸಿವ್ನಿ, ಅದೂ ಕಾಣಾಕಿಲ್ಲ. ಹುಣ್ಸೇ ಮರ ಕಾಣಾಕಿಲ್ಲ. ಬರೀ ಟಗರು ಕಂಡ್ರೆ ಅದು ನಂದು ಅಂತ ಯಂಗೆ ಗೊತ್ತಾಯ್ತದೆ? ಮನೆ ಮುಂದೆ ನಿಂತಿದ್ರೆ ತಾನೆ ನನ್ ಟಗರು. ಇಷ್ಟು ದುಡ್ಡು ಸುರ್ದು ಇಬ್ರೂವೆ ಮಂಜು ತಂದಿದೀರಲ್ಲ ಅಳಿಯಂದ್ರೆ.’

ನಂಜೇಶ ಬಾಯಿ ತೆರೆದ, ನಾನು ಅವನ ತೊಡೆ ಚಿವುಟಿದೆ. ಆ ಒಂದು ಗಳಿಗೆ ಮಾತ್ರ ನಮ್ಮ ಎರಡು ಕಂಪನಿಗಳೂ ಒಂದಾಗಿದ್ದವು. ಮಾವನವರು ಟೀವಿಗೆ ಬೆನ್ನು ಮಾಡಿ, ‘ಇಬ್ರುದೂ ಒಂದೇ ಥರ ಅವೆ ಬುಡಿ. ಹಿರೇ ಅಳಿಯಂದ್ರು ಧಾರೆ ತೆಗೀಲಿ, ಕಿರೇವ್ರು ಹಿಂದಿನ್ ದಿನ ಆರತಕ್ಷತೆ ತೆಗೀಲಿ. ಮಂಜು ಗಿಂಜು ಬ್ಯಾಡ. ನನ್ ಮಗ್ಳು ಅಳಿಯ ಎದ್ದು ಕಾಣ್ಬೇಕು’ ಎಂದು ತೀರ್ಪು ಕೊಟ್ಟರು. ವಯಸ್ಸಿನ ಮೇಲೆ ಕೊಟ್ಟ ತೀರ್ಪು ಅದು. ನಾನು ಅದನ್ನು ಲೆನ್ಸಿನ ಮೇಲೆ ಕೊಟ್ಟ ತೀರ್ಪು ಎಂದೇ ತೆಗೆದುಕೊಂಡೆ. ಚನ್ನಪಟ್ಟಣಕ್ಕೆ ವಾಪಸ್ಸು ಬರುವಾಗ ಬೈಕಿನ ಮೇಲೆ ಹಾಡು ಹೇಳಿದೆನಂತೆ. ಇದು ಸವಿತಾ ಹೇಳಿದ್ದು.

ಮದುವೆ ನಮ್ಮೂರಿನ ಛತ್ರದಲ್ಲೇ. ಆರತಕ್ಷತೆಯನ್ನು ನಂಜೇಶ ತೆಗೆದ. ಚೆನ್ನಾಗಿಯೇ ತೆಗೆದ, ಅದನ್ನು ನಾನು ಅವನ ಮುಂದೆ ಹೇಳಲಿಲ್ಲ ಅಷ್ಟೆ. ಬೆಳಿಗ್ಗೆ ಮುಹೂರ್ತಕ್ಕೆ ಅವನು ರೇಷ್ಮೆ ಪಂಚೆ, ಶಲ್ಯ ಹಾಕಿಕೊಂಡು ಬಾಗಿಲಲ್ಲಿ ನಿಂತ. ಬಂದವರ ಮೇಲೆ ಪನ್ನೀರು ಚಿಮುಕಿಸುತ್ತಿದ್ದ ರೀತಿ ನೋಡಿದರೆ ಹೊಲಕ್ಕೆ ಔಷಧಿ ಹೊಡೆಯುತ್ತಿದ್ದಾನೆ ಅನ್ನಿಸುತ್ತಿತ್ತು. ನಾನು ಬಿಳಿ ಲೆನ್ಸು ಕೊರಳಿಗೆ ಹಾಕಿಕೊಂಡು, ಬೇಕಾಗಿಯೋ ಬೇಡವಾಗಿಯೋ ಮೂರು ನಾಲ್ಕು ಸಲ ಬಾಗಿಲ ಕಡೆ ಹೋಗಿ ಬಂದೆ. ಹೊರಡುವ ಮುಂಚೆ ಸವಿತಾ ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತಾ, ‘ಇವತ್ತು ಧಾರೆ ಎರೆಯುವಾಗ ನನ್ನ ಪಕ್ಕ ಬಂದು ನಿಂತ್ಕೊಬೇಕು. ಹಿರೀ ಮಗಳು ಅಳಿಯ ಎರೀದೆ ಇದ್ರೆ ಜನ ಏನಂದ್ಕೋತಾರೆ?’ ಎಂದಿದ್ದಳು. ಆಗಲಿ ಎಂದಿದ್ದೆ. ಹೆಂಡತಿಗೆ ಆಗಲಿ ಎನ್ನುವಾಗ ಗಂಡನ ತಲೆಯಲ್ಲಿ ಏನಿರುತ್ತದೆ ಎಂಬುದು ಎಲ್ಲ ಗಂಡಂದಿರಿಗೂ ಗೊತ್ತು. ನನ್ನ ತಲೆಯಲ್ಲಿ ಬ್ಯಾಟರಿ ಇತ್ತು.

ತಾಳಿ ಕಟ್ಟಿದ್ದನ್ನು ಹಿಡಿದೆ. ಗಟ್ಟಿಮೇಳದಲ್ಲಿ ಅಕ್ಷತೆ ಕಾಳು ಗಾಳಿಯಲ್ಲಿ ನಿಂತದ್ದನ್ನು ಹಿಡಿದೆ. ಅತ್ತೆ ಮಾವ ಧಾರೆ ಎರೆದರು, ಅದೂ ಆಯಿತು. ಆಮೇಲೆ ನೆಂಟರ ಸರದಿ. ಪುರೋಹಿತರು ‘ಹಿರೇ ಮಗಳು ಅಳಿಯ ಬನ್ನಿ’ ಎಂದು ಕೂಗಿದರು. ನಾನು ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದು ಕಣ್ಣಲ್ಲಿ ಮಮತಾಳನ್ನು ನೋಡುತ್ತಾ, ಎಡಗೈಯಲ್ಲಿ ಆಮೇಲೆ ಆಮೇಲೆ ಎಂದು ಸನ್ನೆ ಮಾಡಿದೆ. ಮತ್ತೆ ಕೂಗಿದರು. ಅಷ್ಟರಲ್ಲಿ ಲೆನ್ಸಿನೊಳಕ್ಕೆ ಸವಿತಾ ಬಂದಳು. ಹಾಲಿನ ಚೊಂಬು ಹಿಡಿದು ಒಬ್ಬಳೇ ನಿಂತಿದ್ದಳು. ಹಿಂದೆ ಕಾಯುತ್ತಿರುವವರ ಸಾಲು, ಮುಂದೆ ತಂಗಿ, ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಚೊಂಬಿನೊಳಗಿನ ಹಾಲನ್ನು ನೋಡುತ್ತಿದ್ದಳು. ನನ್ನ ಲೆನ್ಸು ಎಂಥದು ಎಂದು ಮೊದಲೇ ಹೇಳಿದ್ದೇನೆ, ಅದು ಯಾವುದನ್ನೂ ಮುಚ್ಚಿಡುವುದಿಲ್ಲ. ಅವಳ ಕೆಳದುಟಿ ಒಂದು ಚೂರು ಅದುರಿದ್ದು ನನಗೆ ಮಗ್ಗುಲಲ್ಲಿ ಕೂತಷ್ಟು ಚೆನ್ನಾಗಿ ಕಂಡಿತು.

‘ಮಗ್ಳು ಒಬ್ಳೇ ನಿಂತವ್ಳಲ್ಲ ಅಳಿಯಂದ್ರೆ’ ಎಂದರು ಮಾವನವರು. ಗದರಿಸಲಿಲ್ಲ. ಗದರಿಸಿದ್ದರೆ ಚೆನ್ನಾಗಿತ್ತು.

ನಾನು ಸುತ್ತ ನೋಡಿದೆ. ಕ್ಯಾಮೆರಾ ಹಿಡಿಯಲು ಬರುವವನು ಇಡೀ ಛತ್ರದಲ್ಲಿ ಒಬ್ಬನೇ, ಅವನು ಪನ್ನೀರದಾನಿ ಹಿಡಿದು ಬಾಗಿಲಲ್ಲಿದ್ದಾನೆ. ಈವರೆಗೆ ನನ್ನ ಲೆನ್ಸನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ ನಾನು. ‘ನಂಜೇಶ, ಬಾರೋ ಇಲ್ಲಿ’ ಎಂದು ಕೂಗಿದೆ. ಪಂಚೆ ಎತ್ತಿಕೊಂಡು ಓಡಿ ಬಂದ. ಕ್ಯಾಮೆರಾದ ಪಟ್ಟಿಯನ್ನು ನನ್ನ ಕೊರಳಿಂದ ತೆಗೆದು ಅವನ ಕೊರಳಿಗೆ ಹಾಕಿದೆ, ಪುರೋಹಿತರು ಒಂದು ಗಳಿಗೆ ಇದು ಯಾವ ಶಾಸ್ತ್ರ ಎಂಬಂತೆ ನೋಡಿದರು. ಪನ್ನೀರದಾನಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ನನ್ನ ಕೈಗೆ ಕೊಟ್ಟ, ನಾನು ಪುರೋಹಿತರ ಕೈಗೆ ಕೊಟ್ಟು ಸವಿತಾಳ ಪಕ್ಕಕ್ಕೆ ಹೋಗಿ ನಿಂತೆ. ಅವಳು ತಿರುಗಿ ನೋಡಿದಳು. ಆಶ್ಚರ್ಯವಾಗಿರಬೇಕು, ನಕ್ಕುಬಿಟ್ಟಳು. ನಾನು ಅವಳ ಕೈಯ ಕೆಳಗೆ ಕೈ ಕೊಟ್ಟೆ, ಇಬ್ಬರೂ ಹಾಲು ಎರೆದೆವು. ಅಲ್ಲಿ ಹೋಮದ ಹೊಗೆ ಬಹಳ ಇತ್ತು, ಕಣ್ಣಲ್ಲಿ ನೀರು ಬಂತು. ಹೊಗೆ ನಮ್ಮ ಕಡೆ ಬರುತ್ತಿರಲಿಲ್ಲ ಎಂದು ಸವಿತಾ ಹೇಳುತ್ತಾಳೆ. ಅವಳಿಗೇನು ಗೊತ್ತು?

ಮದುವೆಯ ಗಲಾಟೆ ಮುಗಿದು, ಮಾವನ ಮನೆಯ ಟೀವಿಯ ಮುಂದೆ ಎಲ್ಲರೂ ಕೂತು ಫೋಟೋ ನೋಡಿದೆವು. ನನ್ನವು ಬಂದವು, ಸಾಲಾಗಿ, ಒಂದಕ್ಕಿಂತ ಒಂದು. ಆಹಾ ಎಂದರು ಜನ. ಮದುಮಕ್ಕಳು ಎದ್ದು ಕಾಣುತ್ತಿದ್ದಾರೆ ಎಂದು ಮಾವನವರು ತಲೆದೂಗಿದರು. ಆಮೇಲೆ ನಂಜೇಶನ ಕೈಗೆ ಹೋದ ಮೇಲಿನವು ಶುರುವಾದವು. ಮೊದಲನೆಯದು ಪುರೋಹಿತರ ಹೆಗಲು. ಎರಡನೆಯದು ಮದುಮಗನ ಕಿವಿ, ಕಿವಿ ಮಾತ್ರ. ನನಗೆ ಆಗಲೇ ಗೊತ್ತಾಯಿತು. ಅವನಿಗೆ ಬೇಕಾಗಿದ್ದದ್ದು ದೂರದ ಚಿತ್ರ, ಮಂಟಪ, ಮದುಮಕ್ಕಳು, ನಾವು, ಎಲ್ಲರೂ ಬರುವಂಥದು. ಅವಸರದಲ್ಲಿ ಕೈ ತನ್ನ ಅಭ್ಯಾಸದಂತೆ ಬಲಕ್ಕೆ ತಿರುಗಿದೆ. ಅವನ ಲೆನ್ಸಿನಲ್ಲಿ ಅದು ದೂರ, ನನ್ನದರಲ್ಲಿ ಹತ್ತಿರ. ದೂರ ಹೋಗಲಿಲ್ಲವಲ್ಲ ಎಂದು ಇನ್ನೂ ತಿರುಗಿಸಿದ್ದಾನೆ, ಇನ್ನೂ ಹತ್ತಿರ ಬಂದಿದೆ. ನಾನು ಗೆದ್ದೆ ಎಂದು ಬಾಯಿ ತೆರೆಯುವಷ್ಟರಲ್ಲಿ ಮೂರನೆಯ ಫೋಟೋ ಬಂತು.

ಟೀವಿ ತುಂಬ ನಾನು ಮತ್ತು ಸವಿತಾ. ಅವಳು ನನ್ನನ್ನು ನೋಡಿ ನಗುತ್ತಿದ್ದಾಳೆ, ಮೂಗುತಿಯಲ್ಲಿ ಬೆಳಕು ಕೂತಿದೆ. ನನ್ನ ಕಣ್ಣಂಚಿನಲ್ಲಿ ನೀರು, ಬೀಳಲೋ ಬೇಡವೋ ಎಂಬಂತೆ. ಇಬ್ಬರ ಕೈ ಸೇರಿದ ಚೊಂಬಿನ ಬಾಯಿಂದ ಹಾಲು ಒಂದೇ ಎಳೆಯಾಗಿ ಇಳಿಯುತ್ತಿದೆ, ಆ ಎಳೆಯ ಕೊನೆಯಲ್ಲಿ ಒಂದು ಹನಿ ಮುತ್ತಿನ ಹಾಗೆ ಬೇರೆಯಾಗಿದೆ. ಎಷ್ಟೋ ಮದುವೆ ತೆಗೆದಿದ್ದೇನೆ, ಅಂಥ ಫೋಟೋ ನಾನು ತೆಗೆದಿಲ್ಲ. ಮುಂದುಗಡೆ ಕೆಂಪು, ಬಂಗಾರ ಕಲಸಿದ ಎರಡು ಮಸುಕು ಉಂಡೆಗಳಿದ್ದವು. ಅವು ಮಮತಾಳ ಬಾಸಿಂಗ ಒಂದು, ಅವಳ ಗಂಡನ ಬಾಸಿಂಗ ಒಂದು.

‘ಭಾವ, ನನ್ನ ಮದುವೇಲಿ ನಾನೇ ಮಂಜಾ?’ ಎಂದಳು ಮಮತಾ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾವನವರು ನಗಲಿಲ್ಲ. ಟೀವಿಯ ಹತ್ತಿರ ಹೋಗಿ, ಹಿರೀ ಮಗಳ ಮುಖವನ್ನು ಬಹಳ ಹೊತ್ತು ನೋಡಿ, ‘ಇದು ಇರ್ಲಿ. ಇದ್ನ ದೊಡ್ಡುದ್ ಮಾಡ್ಸಿ ನಮ್ಮನೆಗೂ ಒಂದು ಕೊಡಿ’ ಎಂದರು. ಈಗ ಅದು ಅವರ ನಡುಮನೆಯಲ್ಲಿ ಸಾಹುಕಾರನ ಪಕ್ಕದಲ್ಲಿದೆ. ಸಾಹುಕಾರನನ್ನು ಮೊಬೈಲಿನಲ್ಲಿ ಮತ್ತೆ ತೆಗೆಸಿದ್ದಾರೆ. ಅದರಲ್ಲಿ ಮನೆ, ಹುಣಸೇಮರ, ಕೊಟ್ಟಿಗೆಯ ಸೀಟು ಎಲ್ಲ ಕಾಣುತ್ತದೆ, ಟಗರು ಎಲ್ಲಿದೆ ಎಂದು ಹುಡುಕಬೇಕು.

‘ಹೆಂಗೆ ತೆಗ್ದೆ ಇದನ್ನ?’ ಎಂದು ನಾನು ನಂಜೇಶನನ್ನು ಒಬ್ಬನೇ ಇದ್ದಾಗ ಕೇಳಿದೆ. ‘ಬೇಕೂಂತಲೇ ಟೈಟಾಗಿ ತೆಗ್ದಿದ್ದಣ್ಣ’ ಎಂದ, ನನ್ನ ಕಣ್ಣು ತಪ್ಪಿಸಿ. ಪುರೋಹಿತರ ಹೆಗಲು, ಮದುಮಗನ ಕಿವಿ ಇವನ್ನೂ ಬೇಕೂಂತಲೇ ತೆಗೆದೆಯಾ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅದು ತಪ್ಪಿ ಆದದ್ದು ಎಂದು ಒಪ್ಪಿಸಿಬಿಟ್ಟರೆ ನನ್ನ ಲೆನ್ಸಿನ ಹೆಚ್ಚುಗಾರಿಕೆಗೇ ಏಟು ತಾನೇ? ಅವನ ಕೈ, ನನ್ನ ಲೆನ್ಸು, ಇಬ್ಬರ ಮರ್ಯಾದೆಯೂ ಉಳಿಯಿತು. ನನ್ನ ಸ್ಟುಡಿಯೋದಲ್ಲಿ ಆ ಫೋಟೋ ಬಾಗಿಲಿಗೆ ಎದುರಾಗಿ ನೇತಾಡುತ್ತಿದೆ. ಬಂದವರು ‘ಯಾರು ಸಾರ್ ತೆಗ್ದಿದ್ದು?’ ಎಂದರೆ, ‘ಇದೇ ಲೆನ್ಸಲ್ಲಿ ತೆಗೆದಿದ್ದು ನೋಡಿ’ ಎಂದು ಬಿಳಿ ಲೆನ್ಸನ್ನು ತೋರಿಸುತ್ತೇನೆ. ಕನಕಪುರದಲ್ಲೂ ಅದೇ ಫೋಟೋ ಇದೆ. ಅಲ್ಲಿ ‘ಯಾವ ಲೆನ್ಸು ಸಾರ್?’ ಎಂದು ಕೇಳಿದರೆ ‘ತೆಗೆದಿದ್ದು ನಾನು’ ಎನ್ನುತ್ತಾನಂತೆ ನಂಜೇಶ. ಒಂದೇ ಫೋಟೋದಿಂದ ಎರಡು ಅಂಗಡಿಗೆ ಗಿರಾಕಿ ಬರುತ್ತಿದ್ದಾರೆ. ಹಬ್ಬದ ಜಗಳ ಮಾತ್ರ ನಿಂತಿಲ್ಲ, ಮುದ್ದೆಯ ಮುಂದೆ ಅದಿಲ್ಲದಿದ್ದರೆ ನಮಗಿಬ್ಬರಿಗೂ ಊಟ ಸೇರುವುದಿಲ್ಲ.

ಆಮೇಲೆ ನಾನೂ ಒಂದೆರಡು ಮದುವೆಯಲ್ಲಿ ಯಾರಿಗೂ ಹೇಳದೆ, ಬೇಕಾದ ಕಡೆ ಬಿಟ್ಟು ಉಂಗುರವನ್ನು ಉಲ್ಟಾ ತಿರುಗಿಸಿ ನೋಡಿದೆ. ಒಂದರಲ್ಲಿ ಅಡುಗೆಭಟ್ಟರ ಬೆನ್ನು ಬಂತು, ಇನ್ನೊಂದರಲ್ಲಿ ಬೀಗರ ಬೋಳುತಲೆ. ಇದು ಹೇಗೆ ಬಂತೋ ತಿಳಿಯುತ್ತಿಲ್ಲವಲ್ಲ ಎಂದು ಮೊನ್ನೆ ಆ ದೊಡ್ಡ ಫೋಟೋದ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದೆ. ಬೆಳಕು ಎಲ್ಲಿಂದ ಬಿದ್ದಿದೆ, ಶಟರ್ ಸ್ಪೀಡು ಎಷ್ಟಿತ್ತು ಎಂದು ಲೆಕ್ಕ ಹಾಕುತ್ತಿದ್ದೆ. ಊಟದ ಡಬ್ಬಿ ತಂದಿದ್ದ ಸವಿತಾ ನನ್ನ ಪಕ್ಕ ಬಂದು ನಿಂತು, ಸೆರಗಿನ ತುದಿಯಿಂದ ಗಾಜಿನ ಮೇಲಿನ ಧೂಳು ಒರೆಸಿದಳು.

‘ಅದಕ್ಯಾಕೆ ಅಷ್ಟು ಯೋಚನೆ?’ ಎಂದಳು. ‘ಆವತ್ತು ಕ್ಯಾಮೆರಾ ನಿಮ್ಮ ಕೈಲಿರಲಿಲ್ಲ. ಅದಕ್ಕೇ ಚೆನ್ನಾಗಿ ಬಂದಿದೆ.’

ಇರಬಹುದು. ಲೆನ್ಸು ಮಾತ್ರ ನನ್ನದು.